ಈ ಗೋಡೆಗೆ ನಂಬರ್ ಹಾಕಿದ್ದು ಯಾರು?

ನೇರಳೆ ಬಣ್ಣದ ಮೂರನೇ ಹೋಲ್ಡು ನನಗೆ ಎಟುಕಲೇ ಇಲ್ಲ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಮೂರು ವಾರ. ಎರಡನೇ ಹೋಲ್ಡನ್ನ ಬಲಗೈಲಿ ಗಟ್ಟಿಯಾಗಿ ಹಿಡಿದು, ಬಲಗಾಲನ್ನ ಒಂದು ಪುಟಾಣಿ ಗುಬ್ಬಿಯ ಮೇಲೆ ಊರಿ, ಎಡಗೈನ ಎಷ್ಟು ಚಾಚಬಹುದೋ ಅಷ್ಟೂ ಚಾಚಿದರೆ ನನ್ನ ಬೆರಳ ತುದಿಗೂ ಆ ಹೋಲ್ಡಿಗೂ ಮಧ್ಯೆ ಇನ್ನೂ ನಾಲ್ಕು ಬೆರಳು ಅಂತರ. ಹಾರಿದರೆ ಮುಟ್ಟುತ್ತೆ. ಆದರೆ ಮುಟ್ಟೋದು ಬೇರೆ, ಹಿಡಿಯೋದು ಬೇರೆ. ದೊಪ್ಪಂತ ಕೆಳಗಿನ ಮೆತ್ತೆ ಮೇಲೆ ಬೀಳೋದು, ಎದ್ದು ಕೈಗೆ ಸುಣ್ಣದ ಪುಡಿ ಥರದ ಚಾಕ್ ಬಳ್ಕೊಳೋದು, ಮತ್ತೆ ಬೀಳೋದು.

ಹೀಗೇ ಒಂದು ಸಂಜೆ ಬಿದ್ದು ಎದ್ದು ಕೂತಿದ್ದಾಗ ಆರಡಿ ಎತ್ತರದ ಹುಡುಗನೊಬ್ಬ ಬಂದ. ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕೋ ಹಾಗೆ ಆರಾಮಾಗಿ ಆ ಮೂರನೇ ಹೋಲ್ಡ್ ಹಿಡಿದು, ಮೇಲಕ್ಕೆ ಹೋಗಿ, ಇಳಿದು, ಪಕ್ಕದಲ್ಲಿದ್ದ ಸ್ನೇಹಿತನಿಗೆ "ಇದ್ಯಾವ ವಿ3 ಮಾರಾಯ, ವಿ2 ಅಂದ್ರೂ ಜಾಸ್ತಿ" ಅಂತ (ಇಂಗ್ಲಿಷಿನಲ್ಲಿ) ಹೇಳಿಕೊಂಡು ಹೋದ. ನನಗೆ ಸಿಟ್ಟು ಬಂತು. ಹುಡುಗನ ಮೇಲಲ್ಲ, ಆ ನಂಬರಿನ ಮೇಲೆ. ಶುರುವಿನ ಹೋಲ್ಡಿನ ಪಕ್ಕ ಒಂದು ಪುಟ್ಟ ಚೀಟಿಯಲ್ಲಿ "ವಿ3" ಅಂತ ಬರೆದು ಅಂಟಿಸಿದಾರೆ. ಅವನಿಗೆ ಅದು ಎರಡು, ನನಗೆ ಅದು ಆಕಾಶ. ಹಾಗಾದ್ರೆ ಮೂರು ಅನ್ನೋದು ಯಾರ ಲೆಕ್ಕ ಸ್ವಾಮಿ?

ಗೊತ್ತಿಲ್ಲದವರಿಗೆ ಒಂದು ಸಣ್ಣ ಪೀಠಿಕೆ. ನಾನಿರೋ ಸಿಯಾಟಲ್ ಕಡೆ ಮಳೆಗಾಲ ಅಂದ್ರೆ ವರ್ಷದಲ್ಲಿ ಮುಕ್ಕಾಲು ಪಾಲು. ಬಂಡೆ ಒದ್ದೆ. ಹಾಗಾಗಿ ಬಂಡೆ ಹತ್ತೋ ಹುಚ್ಚಿರೋರೆಲ್ಲ ಸೂರಿನ ಕೆಳಗೆ ಸೇರಿಕೊಂಡು ಪ್ಲೈವುಡ್ ಗೋಡೆ ಹತ್ತುತಾರೆ. ಅಮೆರಿಕದ ಮೊಟ್ಟಮೊದಲ ಒಳಾಂಗಣ ಕ್ಲೈಂಬಿಂಗ್ ಜಿಮ್ 1987ರಲ್ಲಿ ಶುರುವಾಗಿದ್ದೂ ಇದೇ ಊರಲ್ಲಿ, ವರ್ಟಿಕಲ್ ಕ್ಲಬ್ ಅಂತ. ಆಗ ಗೋಡೆಗೆ ನಿಜವಾದ ಕಲ್ಲುಗಳನ್ನೇ ಅಂಟು ಹಾಕಿ ಕೂರಿಸಿದ್ದರಂತೆ. ಅದಕ್ಕೂ ಮುಂಚೆ, 1964ರಲ್ಲಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ಅನ್ನೋರು ಕಾರಿಡಾರಿನ ಇಟ್ಟಿಗೆ ಗೋಡೆಯಲ್ಲಿ ಕಲ್ಲು ಕೂರಿಸಿ ವಿದ್ಯಾರ್ಥಿಗಳನ್ನ ಹತ್ತಿಸಿದ್ದರು. ಕಲ್ಲು ಕೂರಿಸಿದ ಮೇಲೆ ಮುಗೀತು, ಅದನ್ನ ಕೀಳೋ ಹಾಗಿಲ್ಲ. ಬೋಲ್ಟು ಹಾಕಿ ತಿರುಗಿಸಿ, ಬೇಕಾದಾಗ ಬಿಚ್ಚಬಹುದಾದ ರಾಳದ ಹೋಲ್ಡುಗಳು 1980ರ ದಶಕದಲ್ಲಿ ಫ್ರಾನ್ಸ್ ಕಡೆಯಿಂದ ಬಂದವು ನೋಡಿ, ಅಲ್ಲಿಂದ ಆಟವೇ ಬದಲಾಯ್ತು. ಬಂಡೆ ಹುಟ್ಟಿಸೋ ಕೆಲಸವನ್ನ ಮನುಷ್ಯ ಕೈಗೆ ತಗೊಂಡ. ಆ ಕೆಲಸ ಮಾಡೋನಿಗೆ ರೂಟ್ ಸೆಟರ್ ಅಂತ ಹೆಸರು ಬಿತ್ತು.

ಹಗ್ಗ ಕಟ್ಟಿಕೊಂಡು ಎತ್ತರಕ್ಕೆ ಹತ್ತೋದು ರೂಟ್. ಹಗ್ಗ ಇಲ್ಲದೆ, ಹದಿಮೂರು ಹದಿನಾಲ್ಕು ಅಡಿ ಗೋಡೆ ಹತ್ತಿ ಮೆತ್ತೆ ಮೇಲೆ ಬೀಳೋದು ಬೋಲ್ಡರಿಂಗ್. ಬೋಲ್ಡರಿಂಗಿನಲ್ಲಿ ಹತ್ತೋ ದಾರಿಗೆ "ಪ್ರಾಬ್ಲಮ್" ಅಂತಾರೆ. (ಮನೇಲಿ ಆಫೀಸಲ್ಲಿ ಇರೋದು ಸಾಲದು ಅಂತ ತಿಂಗಳು ತಿಂಗಳು ದುಡ್ಡು ಕೊಟ್ಟು ಪ್ರಾಬ್ಲಮ್ ಕೊಂಡುಕೊಳ್ತೀಯಲ್ಲ ಅಂತ ನಮ್ಮನೆಯವರ ಹಳೇ ಜೋಕು.) ಒಂದು ಪ್ರಾಬ್ಲಮ್ಮಿಗೆ ಒಂದೇ ಬಣ್ಣದ ಹೋಲ್ಡುಗಳು. ನೇರಳೆ ಶುರು ಮಾಡಿದರೆ ಕೈಗೂ ಕಾಲಿಗೂ ನೇರಳೆ ಮಾತ್ರ, ಪಕ್ಕದ ಹಸಿರು ಎಷ್ಟೇ ಕರೆದರೂ ಮುಟ್ಟೋ ಹಾಗಿಲ್ಲ. ಒಂಥರಾ ಮಡಿ.

ಅವತ್ತು ಕೌಂಟರಿನಲ್ಲಿ ಹೋಗಿ ದೂರು ಕೊಟ್ಟೆ. ಕೌಂಟರಿನ ಹುಡುಗಿ ಒಳಗಿದ್ದ ಮುಖ್ಯ ಸೆಟರನ್ನೇ ಕರೆದಳು. ಮೊಣಕಾಲಿಗೆ ಪ್ಯಾಡು, ಸೊಂಟಕ್ಕೆ ಬೋಲ್ಟಿನ ಚೀಲ, ಗಡ್ಡದ ತುಂಬಾ ಪ್ಲೈವುಡ್ ಪುಡಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು "ನಿನ್ನ ಎತ್ತರ ಎಷ್ಟು?" ಅಂದ.

"ಐದಡಿ. ಬೆಳಿಗ್ಗೆ ಎದ್ದ ತಕ್ಷಣ ಅಳೆದರೆ ಐದಡಿ ಕಾಲಿಂಚು."

ನಗಲಿಲ್ಲ ಅವನು. "ನಮ್ಮ ತಂಡದಲ್ಲಿ ಐದಡಿ ಎಂಟಿಂಚಿಗಿಂತ ಕಮ್ಮಿ ಇರೋರು ಯಾರೂ ಇಲ್ಲ. ಮಂಗಳವಾರ ಬೆಳಿಗ್ಗೆ ಆರಕ್ಕೆ ಆ ಗೋಡೆ ಬಿಚ್ತೀವಿ. ನೀನೂ ಬಾ, ಹೊಸದನ್ನ ಹತ್ತಿ ನೋಡಿ ಹೇಳು" ಅಂದ. ಚಿತ್ರದುರ್ಗದ ಬಾಲಕಿಯರ ಶಾಲೆಯಲ್ಲಿ ಪ್ರಾರ್ಥನೆಗೆ ಯಾವಾಗಲೂ ಮೊದಲನೇ ಸಾಲಿನ ಮೊದಲನೇ ಜಾಗ ನಂದು. ಕುಳ್ಳಿ ಅಂತಲೇ ಕರೆಯೋರು. ಜೀವಮಾನದಲ್ಲಿ ಮೊದಲನೇ ಸಲ ಆ ಅರ್ಹತೆಯ ಮೇಲೆ ಒಂದು ಕೆಲಸಕ್ಕೆ ಕರೆ ಬಂತು!

ಮಂಗಳವಾರ ಹೋದಾಗ ನಾಲ್ಕು ಜನ ಸೆಟರ್‌ಗಳು ಇಂಪ್ಯಾಕ್ಟ್ ಡ್ರೈವರ್ ಹಿಡಿದು ಗೋಡೆ ಬೋಳು ಮಾಡ್ತಿದ್ರು. ಗರ್ರ್ ಗರ್ರ್ ಅಂತ ಕಿವಿ ಕಿತ್ತು ಹೋಗೋ ಸದ್ದು. ಬೋಳಾದ ಗೋಡೆ ನೋಡಿದ್ದು ನಾನು ಅದೇ ಮೊದಲು. ಗೇಣಿಗೊಂದರ ಹಾಗೆ ತೂತುಗಳು, ಪ್ರತಿ ತೂತಿನ ಹಿಂದೆ ಪ್ಲೈವುಡ್ಡಿಗೆ ಕಚ್ಚಿಕೊಂಡಿರೋ ಒಂದು ಲೋಹದ ಟೀ-ನಟ್. ಮುಂದಿನಿಂದ ಬೋಲ್ಟ್ ತೂರಿಸಿ ತಿರುಗಿಸಿದರೆ ಹೋಲ್ಡು ಕೂತಿತು. ಬೋಲ್ಟು ಒಂದೇ ಆದ್ರೆ ಹೋಲ್ಡು ಕೈಯಲ್ಲೇ ಗಿರ್ರನೆ ತಿರುಗಿಬಿಡಬಹುದಲ್ಲ, ಅದಕ್ಕೇ ಪಕ್ಕದಲ್ಲೊಂದು ಸಣ್ಣ ಸ್ಕ್ರೂ. ಬಿಚ್ಚಿದ ಹೋಲ್ಡುಗಳನ್ನ ದೊಡ್ಡ ದೊಡ್ಡ ಟಬ್ಬುಗಳಿಗೆ ಹಾಕಿ ಹಿಂದಿನ ಕೋಣೆಗೆ ಸಾಗಿಸಿ, ಪ್ರೆಷರ್ ವಾಷರ್‌ನಲ್ಲಿ ನೀರು ಹೊಡೆದು ತೊಳೀತಾರೆ. ಚಾಕು, ಕೈ ಜಿಡ್ಡು, ಶೂ ರಬ್ಬರು ಎಲ್ಲ ಮೆತ್ತಿಕೊಂಡು ಹೋಲ್ಡು ಜಾರೋಕೆ ಶುರುವಾದ್ರೆ ವಿ3 ಇದ್ದದ್ದು ತಾನಾಗೇ ವಿ4 ಆಗಿಬಿಡುತ್ತೆ. ಪಾತ್ರೆ ತೊಳೆಯದಿದ್ರೆ ಗ್ರೇಡು ಏರುತ್ತೆ ಅಂತ ಆಯ್ತು.

ಆಮೇಲೆ ನನಗೆ ನಿಜವಾದ ಆಶ್ಚರ್ಯ ಕಾದಿತ್ತು. ನಾನು ಅಂದುಕೊಂಡಿದ್ದೇನು? ಸೆಟರ್ ಕಲಾವಿದನ ಥರ ಗೋಡೆ ನೋಡ್ತಾ ನಿಲ್ತಾನೆ, ಏನೋ ಹೊಳೆಯುತ್ತೆ, ಹೋಲ್ಡುಗಳನ್ನ ಜೋಡಿಸ್ತಾನೆ, ಆಮೇಲೆ ಹತ್ತಿ ನೋಡಿ "ಹ್ಞಾಂ, ಇದು ಮೂರು" ಅಂತಾನೆ, ಅಂತ. ಉಲ್ಟಾ! ಮುಖ್ಯ ಸೆಟರ್ ಕೈಲಿ ಒಂದು ಪಟ್ಟಿ ಇತ್ತು. ಈ ಗೋಡೆಗೆ ಒಟ್ಟು ಹದಿನಾಲ್ಕು ಪ್ರಾಬ್ಲಮ್. ಅದರಲ್ಲಿ ಹೊಸಬರಿಗೆ ಇಷ್ಟು, ವಿ1 ಇಷ್ಟು, ವಿ3 ಇಷ್ಟು, ವಿ7 ಒಂದು, ವಿ9 ಒಂದು. "ನಿಂಗೆ ಹಳದಿ, ವಿ3. ನಿಂಗೆ ಕಪ್ಪು, ವಿ6" ಅಂತ ಹಂಚಿಬಿಟ್ಟ. ಅಂದ್ರೆ ನಂಬರ್ ಮೊದಲು ಹುಟ್ಟುತ್ತೆ, ಹತ್ತೋ ದಾರಿ ಆಮೇಲೆ. ಹೊರಗಿನ ಬಂಡೆಯಲ್ಲಿ ಹಾಗಲ್ಲ. ಬಂಡೆ ಕೋಟ್ಯಂತರ ವರ್ಷದಿಂದ ಸುಮ್ಮನೆ ಕೂತಿರುತ್ತೆ, ಯಾರೋ ಹತ್ತಿ ಇಳಿದು ಅದಕ್ಕೊಂದು ಅಂಕಿ ಕೊಡ್ತಾರೆ. ಒಳಗೆ ಅಂಕಿಗೆ ತಕ್ಕ ಬಂಡೆ. ಮದುವೆ ಮನೆ ಅಡುಗೆ ಭಟ್ಟರಿಗೆ "ಮುನ್ನೂರು ಎಲೆ, ಖಾರ ಮಧ್ಯಮ" ಅಂತ ಹೇಳಿದ ಹಾಗೆ.

ಹಾಗಾದ್ರೆ ಮಧ್ಯಮ ಖಾರಕ್ಕೆ ಎಷ್ಟು ಮೆಣಸಿನಕಾಯಿ? ಅಲ್ಲೇ ಇರೋದು ಅನುಭವ. ಸೆಟರ್ ಕೈಲಿರೋ ಸಾಮಾನು ಕೆಲವೇ ಕೆಲವು. ಮೊದಲನೇದು ಗೋಡೆಯ ಓರೆ: ಹಿಂದಕ್ಕೆ ವಾಲಿದ ಸ್ಲ್ಯಾಬ್, ನೆಟ್ಟಗಿರೋದು, ನಮ್ಮ ಮೇಲೇ ಬಾಗಿಕೊಂಡು ಬರೋ ಓವರ್‌ಹ್ಯಾಂಗ್. ಎರಡನೇದು ಹೋಲ್ಡಿನ ಜಾತಿ. ಜಗ್ ಅಂದ್ರೆ ಕೊಡದ ಕಂಠ ಹಿಡಿದ ಹಾಗೆ, ನಾಲ್ಕು ಬೆರಳೂ ಒಳಗೆ ಹೋಗುತ್ತೆ, ಜೀವಕ್ಕೆ ಸಮಾಧಾನ. ಕ್ರಿಂಪ್ ಅಂದ್ರೆ ಕಿಟಕಿ ಚೌಕಟ್ಟಿನ ಅಂಚು, ಬೆರಳ ತುದಿ ಮಾತ್ರ. ಸ್ಲೋಪರ್ ಅಂದ್ರೆ ಬೋರಲು ಹಾಕಿದ ಬಾಣಲೆ. ಹಿಡಿಯೋಕೆ ಏನೂ ಇಲ್ಲ, ಅಂಗೈ ಒತ್ತಿ ದೇವರನ್ನ ನೆನೆಯಬೇಕು. ಪಾಕೆಟ್ ಅಂದ್ರೆ ಚೆನ್ನೆಮಣೆ ಗುಳಿ, ಪಿಂಚ್ ಅಂದ್ರೆ ಇಟ್ಟಿಗೆಯನ್ನ ಒಂದೇ ಕೈಲಿ ಹಿಡಿದೆತ್ತೋ ಹಿಡಿತ. ಇನ್ನು ಹೋಲ್ಡಿಗೂ ಹೋಲ್ಡಿಗೂ ಇರೋ ದೂರ. ಎಲ್ಲಕ್ಕಿಂತ ಮುಖ್ಯವಾದದ್ದು, ಹೊಸಬರು ಯಾರೂ ಗಮನಿಸದೇ ಇರೋದು, ಕಾಲಿಡೋ ಜಾಗ. ಕೈಗೆ ಅದೇ ಹೋಲ್ಡ್ ಇಟ್ಟು, ಕಾಲಿನ ಹೋಲ್ಡನ್ನ ಅರ್ಧ ಅಡಿ ಪಕ್ಕಕ್ಕೆ ಸರಿಸಿದರೆ ಇಡೀ ಪ್ರಾಬ್ಲಮ್ಮೇ ಬೇರೆ. ಒಂದೇ ಹೋಲ್ಡನ್ನ ಗಡಿಯಾರದ ಮುಳ್ಳಿನ ಹಾಗೆ ಹನ್ನೆರಡರಿಂದ ಒಂದಕ್ಕೆ ತಿರುಗಿಸಿದರೂ ಗ್ರೇಡು ಬದಲಾಗುತ್ತೆ. ಒಬ್ಬ ಸೆಟರ್ ಅವತ್ತು ಒಂದು ಸ್ಲೋಪರನ್ನ ಏಳು ಸಲ ತಿರುಗಿಸಿದ್ದನ್ನ ನಾನೇ ಎಣಿಸಿದೆ. ತಿರುಗಿಸ್ತಾನೆ, ಇಳೀತಾನೆ, ದೂರ ನಿಂತು ನೋಡ್ತಾನೆ, ಮತ್ತೆ ಏಣಿ ಹತ್ತುತಾನೆ. ಅಜ್ಜಿ ಗೋಡೆ ಮೇಲಿನ ಫೋಟೋ ಸೊಟ್ಟಗಿದೆ ಅಂತ ಸರಿ ಮಾಡಿಸ್ತಿದ್ದದ್ದು ನೆನಪಾಯ್ತು.

ಜೋಡಿಸೋದೆಲ್ಲ ಮುಗಿದ ಮೇಲೆ ಎಲ್ಲರೂ ಶೂ ಹಾಕಿಕೊಂಡು ಒಬ್ಬರು ಮಾಡಿದ್ದನ್ನ ಇನ್ನೊಬ್ಬರು ಹತ್ತುತಾರೆ. ಇದಕ್ಕೆ ಫೋರ್‌ರನ್ನಿಂಗ್ ಅಂತ ಹೆಸರು. ಅಡುಗೆಯವರು ಉಪ್ಪು ನೋಡೋ ಹೊತ್ತು. ಮಾಡಿದವನು ಬಾಯಿ ಬಿಡೋ ಹಾಗಿಲ್ಲ, ಸುಮ್ಮನೆ ನಿಂತು ನೋಡಬೇಕು. ಬಲಗೈಯಲ್ಲಿ ಹಿಡೀಲಿ ಅಂತ ಅವನಿಟ್ಟಿದ್ದನ್ನ ಇವನು ಎಡಗೈಯಲ್ಲಿ ಹಿಡಿದು, ಕಷ್ಟದ ಜಾಗವನ್ನೇ ತಪ್ಪಿಸಿಕೊಂಡು ಮೇಲಕ್ಕೆ ಹೋಗಿಬಿಟ್ಟರೆ ವಿ6 ಕಥೆ ಮುಗೀತು. ಮತ್ತೆ ಡ್ರೈವರ್, ಮತ್ತೆ ಗರ್ರ್. ಆಮೇಲೆ ಚರ್ಚೆ. ಈ ಚರ್ಚೆಯಲ್ಲಿ "ಎಷ್ಟು ಕಷ್ಟ" ಅನ್ನೋ ಒಂದೇ ಪ್ರಶ್ನೆ ಇರಲಿಲ್ಲ. ಮೂರು ಬೇರೆ ಬೇರೆ ಅಳತೆ ಹಿಡಿದು ಮಾತಾಡ್ತಿದ್ರು: ಜಾರಿ ಬೀಳೋ ಸಾಧ್ಯತೆ ಎಷ್ಟು, ಬಲ ಎಷ್ಟು ಬೇಕು, ತಲೆ ಎಷ್ಟು ಓಡಿಸಬೇಕು. ರಿಸ್ಕ್, ಇಂಟೆನ್ಸಿಟಿ, ಕಾಂಪ್ಲೆಕ್ಸಿಟಿ. ಸೇರಿಸಿ "ರಿಕ್" ಅಂತಾರೆ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಬಲವೇ ಬೇಡದ, ಆದರೆ ಉಸಿರು ಬಿಟ್ಟರೆ ಜಾರಿ ಬೀಳೋ ಸ್ಲ್ಯಾಬ್ ಒಂದು; ತಲೆಯೇ ಬೇಡದ, ಏಣಿ ಹಾಗಿರೋ, ಆದರೆ ತೋಳು ಕಿತ್ತು ಬರೋ ಓವರ್‌ಹ್ಯಾಂಗ್ ಇನ್ನೊಂದು. ಎರಡಕ್ಕೂ ಚೀಟಿ ಮೇಲೆ ವಿ4. ಕನ್ನಡಕ್ಕೂ ಗಣಿತಕ್ಕೂ ಸೇರಿಸಿ ಒಂದೇ ಮಾರ್ಕ್ಸು ಕೊಟ್ಟ ಹಾಗೆ.

ಈ ನಂಬರುಗಳು ಎಲ್ಲಿಂದ ಬಂದವು ಅಂತ ಹುಡುಕ್ತಾ ಹೋದರೆ ಅದೊಂದು ದೊಡ್ಡ ತಮಾಷೆ ಕಥೆ. ಹಗ್ಗದ ರೂಟುಗಳಿಗೆ ಅಮೆರಿಕದಲ್ಲಿ ಇರೋದು ಯೋಸೆಮಿಟಿ ಡೆಸಿಮಲ್ ಸಿಸ್ಟಮ್. 1937ರಲ್ಲಿ ಸಿಯೆರಾ ಕ್ಲಬ್‌ನೋರು ಬೆಟ್ಟದ ದಾರಿಗಳಿಗೆ ತರಗತಿ ಮಾಡಿದರು. ಒಂದು ಅಂದ್ರೆ ಸುಮ್ಮನೆ ನಡೆಯೋದು, ಐದು ಅಂದ್ರೆ ಕೈಕಾಲಲ್ಲಿ ಬಂಡೆ ಹತ್ತೋದು. 1950ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟಾಕ್ವಿಟ್ಜ್ ಬಂಡೆಯಲ್ಲಿ ಹತ್ತುತ್ತಿದ್ದವರು ಐದನೇ ತರಗತಿಯನ್ನ ದಶಾಂಶ ಹಾಕಿ ಹತ್ತು ಭಾಗ ಮಾಡಿದರು, 5.0ರಿಂದ 5.9. ಇದಕ್ಕಿಂತ ಕಷ್ಟ ಇನ್ನೇನಿರುತ್ತೆ, 5.9ಕ್ಕೆ ಸಾಕು ಅಂದುಕೊಂಡರು. ಸಾಕಾಗಲಿಲ್ಲ. ಮುಂದಿನ ಹುಡುಗರು ಇನ್ನೂ ಕಷ್ಟದ್ದನ್ನ ಹತ್ತಿಬಿಟ್ಟರು. 6.0 ಅನ್ನೋ ಹಾಗಿಲ್ಲ, ಯಾಕಂದ್ರೆ ಆರನೇ ತರಗತಿಗೆ ಬೇರೆ ಅರ್ಥ ಇದೆ. ಏನು ಮಾಡಿದರು ಗೊತ್ತಾ? 5.10 ಅಂತ ಬರೆದರು! "ಐದು ದಶಾಂಶ ಹತ್ತು, ಐದು ದಶಾಂಶ ಒಂಬತ್ತಕ್ಕಿಂತ ದೊಡ್ಡದು" ಅಂತ ನಮ್ಮ ಗಣಿತದ ಮೇಷ್ಟ್ರ ಮುಂದೆ ಹೇಳಿದ್ದರೆ ಬೆರಳ ಗೆಣ್ಣಿನ ಮೇಲೆ ಅಡಿಕೋಲು ಬೀಳ್ತಿತ್ತು. ಆಮೇಲೆ 5.10 ಕೂಡಾ ತುಂಬಿ ತುಳುಕಿದಾಗ ಯೋಸೆಮಿಟಿಯ ಜಿಮ್ ಬ್ರಿಡ್ವೆಲ್ ಅದಕ್ಕೆ ಎ, ಬಿ, ಸಿ, ಡಿ ಬಾಲ ಸೇರಿಸಿದ. ಈಗ ತುದಿಯಲ್ಲಿರೋದು 5.15ಡಿ. ಆ ಮಟ್ಟದ ಮೊದಲನೇ ರೂಟನ್ನ 2017ರಲ್ಲಿ ನಾರ್ವೆಯ ಒಂದು ಗುಹೆಯಲ್ಲಿ ಆ್ಯಡಮ್ ಓಂಡ್ರಾ ಹತ್ತಿದ, ಹೆಸರು "ಸೈಲೆನ್ಸ್".

ಬೋಲ್ಡರಿಂಗಿನ "ವಿ" ಏನು ಅಂತೀರಾ? ಟೆಕ್ಸಸ್‌ನ ವೇಕೋ ಟ್ಯಾಂಕ್ಸ್ ಅನ್ನೋ ಜಾಗದ ಬಂಡೆಗಳ ಬಗ್ಗೆ ಜಾನ್ ಶರ್ಮನ್ ಅನ್ನೋನು ಗೈಡ್‌ಬುಕ್ ಬರೆದ, 1991ರಲ್ಲಿ ಬಂತು. ಅವನ ಅಡ್ಡಹೆಸರು ವರ್ಮಿನ್, ಅಂದ್ರೆ ಕ್ರಿಮಿಕೀಟ, ಹೆಗ್ಗಣದ ಜಾತಿ. ಆ ವರ್ಮಿನ್ನಿನ ಮೊದಲಕ್ಷರವೇ "ವಿ". ಲೋಕದ ಅರ್ಧಕ್ಕರ್ಧ ಜಿಮ್ಮುಗಳ ಗೋಡೆ ಮೇಲೆ ಒಬ್ಬನ ಅಡ್ಡಹೆಸರು ಕೂತಿದೆ. ಕುಳ್ಳಿ ಅಂತ ಹೆಸರಿಟ್ಟುಕೊಂಡವಳು ನಾನೂ ಒಂದು ಗೈಡ್‌ಬುಕ್ ಬರೆಯಬಹುದಿತ್ತು.

ಅವನ ವಿ0 ಅಂದ್ರೆ ಸೊನ್ನೆ, ಅಂದ್ರೆ ಸುಲಭ ಅಂತ ತಿಳೀಬೇಡಿ. ಅದು ಹಗ್ಗದ ಲೆಕ್ಕದಲ್ಲಿ ಹೆಚ್ಚುಕಮ್ಮಿ 5.10ರ ಹತ್ತಿರ. ವರ್ಷಗಟ್ಟಲೆ ಹತ್ತಿದವರ ಆರಂಭ ಅದು. ಈಗ ಯೋಚನೆ ಮಾಡಿ, ಶನಿವಾರ ಮಧ್ಯಾಹ್ನ ಮಗುವಿನ ಹುಟ್ಟುಹಬ್ಬಕ್ಕೆ ಅಂತ ಜಿಮ್ಮಿಗೆ ಬಂದ ಇಪ್ಪತ್ತು ಜನರನ್ನ ಆ ವಿ0 ಮುಂದೆ ನಿಲ್ಲಿಸಿದರೆ ಒಬ್ಬರೂ ನೆಲ ಬಿಡಲ್ಲ, ಮುಂದಿನ ತಿಂಗಳು ಒಬ್ಬರೂ ಬರಲ್ಲ. ಅದಕ್ಕೇ ಜಿಮ್ಮುಗಳು ಕೆಳಗಡೆ "ವಿಬಿ" ಅಂತ ಹೊಸ ಮೆಟ್ಟಿಲು ಹಾಕಿದವು, ಸೊನ್ನೆ, ಒಂದು, ಎರಡನ್ನೆಲ್ಲ ಮೆತ್ತಗೆ ಮಾಡಿದವು. ಒಳಗೆ ವಿ4 ಹತ್ತಿ ಮೀಸೆ ತಿರುವಿದವರು ಹೊರಗಿನ ಬಂಡೆಯಲ್ಲಿ ವಿ1ಕ್ಕೆ ಒದ್ದಾಡೋದು ಮಾಮೂಲು. ಇದನ್ನ ಮೋಸ ಅಂತ ಹಳಬರು ಬೈತಾರೆ. ನನಗೆ ಹಾಗನ್ನಿಸಲ್ಲ. ಒಂದನೇ ಕ್ಲಾಸಿನ ಮಗುವಿಗೆ ಮಗ್ಗಿ ಬಂದರೆ ನೂರಕ್ಕೆ ನೂರು ಕೊಡ್ತೀವಲ್ಲ, ಹಾಗೆ. ಆದರೆ ಆ ನೂರನ್ನ ಹಿಡಿದುಕೊಂಡು ಎಸ್ಸೆಸ್ಸೆಲ್ಸಿ ಹಾಲಿಗೆ ಹೋಗಬಾರದು ಅಷ್ಟೇ.

ಇದೆಲ್ಲಕ್ಕಿಂತ ನನಗೆ ಪ್ರೀತಿ ಜಾನ್ ಗಿಲ್ ಅನ್ನೋ ಮೇಷ್ಟ್ರ ಲೆಕ್ಕದ ಮೇಲೆ. ಗಣಿತದ ಪ್ರಾಧ್ಯಾಪಕ, ಜಿಮ್ನಾಸ್ಟ್, ಕೈಗೆ ಚಾಕ್ ಹಚ್ಚಿಕೊಳ್ಳೋದನ್ನ ಬಂಡೆ ಹತ್ತೋರಿಗೆ ಕಲಿಸಿದ ಪುಣ್ಯಾತ್ಮ. 1950ರ ದಶಕದ ಕೊನೆಯಲ್ಲಿ ಅವರು ಮೂರೇ ಮೂರು ದರ್ಜೆ ಮಾಡಿದರು: ಬಿ1, ಬಿ2, ಬಿ3. ಬಿ3 ಅಂದ್ರೆ ಏನು? ಲೋಕದಲ್ಲಿ ಒಬ್ಬರೇ ಒಬ್ಬರು ಹತ್ತಿರೋದು. ಎರಡನೆಯವರು ಹತ್ತಿದ ಕ್ಷಣ ಅದು ಬಿ3 ಅಲ್ಲ, ಕೆಳಗೆ ಬಿತ್ತು! ಕಷ್ಟ ಅನ್ನೋದು ಬಂಡೆಯಲ್ಲಿ ಇಲ್ಲ, ಹತ್ತೋರ ಸಂಖ್ಯೆಯಲ್ಲಿದೆ ಅಂತ ಒಬ್ಬ ಗಣಿತದವರು ಅರವತ್ತು ವರ್ಷಕ್ಕೂ ಹಿಂದೆ ಹೇಳಿಬಿಟ್ಟಿದ್ದಾರೆ. ಈಗಿನ ತುದಿಯ ನಂಬರುಗಳ ಹಣೆಬರಹವೂ ಅದೇ. ಫಿನ್ಲೆಂಡಿನ ಒಂದು ಬಂಡೆಗೆ ನಾಲೆ ಹುಕ್ಕಾತೈವಾಲ್ 2016ರಲ್ಲಿ ವಿ17 ಅಂದ. 2023ರಲ್ಲಿ ವಿಲ್ ಬೋಸಿ ಬಂದು ಹತ್ತೋವರೆಗೂ ಆ ಹದಿನೇಳು ಒಬ್ಬ ಮನುಷ್ಯನ ಮಾತು, ಅಷ್ಟೆ.

ಫ್ರಾನ್ಸಿನವರದ್ದು ಇನ್ನೊಂದು ದಾರಿ. ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋ ಕಾಡಿನಲ್ಲಿ 1940ರ ದಶಕದಿಂದಲೂ ಬಂಡೆಗಳ ಮೇಲೆ ಬಣ್ಣದ ಬಾಣದ ಗುರುತು ಹಾಕ್ತಾ ಬಂದಿದ್ದಾರೆ. ಹಳದಿ ಹಿಡಿದು ಹೋದರೆ ಸುಲಭ, ಕಿತ್ತಳೆ, ನೀಲಿ, ಕೆಂಪು ಅಂತ ಏರ್ತಾ ಹೋಗುತ್ತೆ, ಮಕ್ಕಳಿಗೆ ಬಿಳಿ. ಬೆಳಿಗ್ಗೆ ಒಂದು ಬಣ್ಣ ಹಿಡಿದು ಕಾಡೆಲ್ಲ ಸುತ್ತಬಹುದು. ಇದನ್ನೇ ನೋಡಿ ಈಗ ಎಷ್ಟೋ ಜಿಮ್ಮುಗಳು ನಂಬರ್ ಕಿತ್ತು ಹಾಕಿ ಬರೀ ಬಣ್ಣ ಇಟ್ಟುಕೊಂಡಿವೆ. ಒಂದು ಬಣ್ಣದೊಳಗೆ ಎರಡು ಮೂರು ಗ್ರೇಡು, ಅಕ್ಕಪಕ್ಕದ ಬಣ್ಣಗಳು ಒಂದರ ಮೇಲೊಂದು ಸ್ವಲ್ಪ ಹಾಯೋ ಹಾಗೆ. ಜಪಾನಿನವರು ಕರಾಟೆ ಜೂಡೋದ ಕ್ಯೂ, ಡಾನ್ ಲೆಕ್ಕ ತಂದಿದ್ದಾರೆ. ಅಲ್ಲಿ ಕ್ಯೂ ಸಂಖ್ಯೆ ಇಳೀತಾ ಇಳೀತಾ ಕಷ್ಟ ಜಾಸ್ತಿ, ಆಮೇಲೆ ಡಾನ್ ಏರ್ತಾ ಏರ್ತಾ. ನಮ್ಮ ಹಂಪಿಯ ಬಂಡೆಗಳಿಗೂ ಹೊರಗಿನಿಂದ ಬಂದು ಹತ್ತೋರು ನಂಬರ್ ಹಾಕಿದ್ದಾರೆ. ದುರ್ಗದ ಕೋಟೆ ಗೋಡೆಯನ್ನ ಹಗ್ಗವಿಲ್ಲದೆ ಹಲ್ಲಿ ಹಾಗೆ ಹತ್ತೋ ಜ್ಯೋತಿರಾಜ್ (ಕೋತಿರಾಜ್ ಅಂದ್ರೆ ಬೇಗ ಗೊತ್ತಾಗುತ್ತೆ) ಮಾತ್ರ ನಾನು ನೋಡಿದಾಗ ಯಾವ ಚೀಟಿಯನ್ನೂ ನೋಡಿ ಹತ್ತಲಿಲ್ಲ.

ಸರಿ, ನನ್ನ ಎತ್ತರದ ವಿಷಯಕ್ಕೆ ಬರ್ತೀನಿ. ಇದು ಬರೀ ನನ್ನ ಗೋಳಾಗಿದ್ದರೆ ಬರೀತಿರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿದವರಿಗೆ ನೆನಪಿರಬಹುದು. ಮಹಿಳೆಯರ ಫೈನಲ್, ಬೋಲ್ಡರಿಂಗ್ ಮತ್ತು ಲೀಡ್ ಎರಡೂ ಸೇರಿ. ಜಪಾನಿನ ಆಯಿ ಮೋರಿ, ಎತ್ತರ 154 ಸೆಂಟಿಮೀಟರ್. ನನಗಿಂತ ಹೆಬ್ಬೆರಳಿನ ದಪ್ಪದಷ್ಟು ಹೆಚ್ಚು. ಮೊದಲನೇ ಬೋಲ್ಡರಿನ ಶುರುವಿನ ಹೋಲ್ಡೇ ಅವಳಿಗೆ ಎಟುಕಲಿಲ್ಲ. ಹಾರ್ತಾಳೆ, ಬೀಳ್ತಾಳೆ, ಮತ್ತೆ ಹಾರ್ತಾಳೆ. ಇಪ್ಪತ್ತೈದು ಅಂಕದ ಪ್ರಾಬ್ಲಮ್ಮಿಗೆ ಸಿಕ್ಕಿದ್ದು ಸೊನ್ನೆ. ಆಮೇಲೆ ಹಗ್ಗದ ಲೀಡ್ ಸುತ್ತಿನಲ್ಲಿ ಅದೇ ಹುಡುಗಿ ಎಲ್ಲರಿಗಿಂತ ಮೇಲಕ್ಕೆ ಹೋದಳು, ನೂರಕ್ಕೆ 96.1, ಚಿನ್ನ ಗೆದ್ದ ಯಾನ್ಯಾ ಗಾರ್ನ್‌ಬ್ರೆಟ್‌ಗಿಂತಲೂ ಮೇಲೆ. ಒಟ್ಟು ಲೆಕ್ಕದಲ್ಲಿ ನಾಲ್ಕನೇ ಸ್ಥಾನ. ಪದಕ ಇಲ್ಲ. ಸೆಟರ್‌ಗಳು ಬೇಕಂತಲೇ ಮಾಡಿದರು ಅಂತ ಜನ ಇಂಟರ್ನೆಟ್ಟಿನಲ್ಲಿ ಉಗಿದಿದ್ದೇ ಉಗಿದಿದ್ದು. ಎತ್ತರವೂ ಬಾಸ್ಕೆಟ್‌ಬಾಲಿನ ಹಾಗೆ ಆಟದ ಒಂದು ಭಾಗ ಅಂತ ಇನ್ನೊಂದು ಗುಂಪು. ನನ್ನ ಕೇಳಿದರೆ, ಪರೀಕ್ಷೆ ಕಷ್ಟ ಇರಲಿ, ಆದರೆ ಹಾಲಿನ ಬಾಗಿಲ ಚಿಲಕ ಎಲ್ಲರಿಗೂ ಎಟುಕಬೇಕು. ಶುರುವಿನ ಹೋಲ್ಡು ಅಂದ್ರೆ ಚಿಲಕ.

ವೇಗದ ಸ್ಪರ್ಧೆಯಲ್ಲಿ ಈ ಜಗಳವೇ ಇಲ್ಲ ನೋಡಿ. ಹದಿನೈದು ಮೀಟರ್ ಗೋಡೆ, ಐದು ಡಿಗ್ರಿ ಓರೆ, ಅದೇ ಹೋಲ್ಡುಗಳು ಅದೇ ಜಾಗದಲ್ಲಿ, ಲೋಕದಲ್ಲಿ ಎಲ್ಲಿ ಹೋದರೂ. ಗ್ರೇಡೇ ಬೇಡ, ಗಡಿಯಾರ ಸಾಕು. ಆದರೆ ಅದನ್ನೇ ದಿನಾ ಹತ್ತು ಅಂದ್ರೆ ನಾನಂತೂ ಒಲ್ಲೆ.

ಕುಳ್ಳಗಿರೋದು ಬರೀ ನಷ್ಟ ಅಂತಲೂ ಅಲ್ಲ. ಯೋಸೆಮಿಟಿಯ ಎಲ್ ಕ್ಯಾಪಿಟನ್ ಅನ್ನೋ ಸುಮಾರು ಮೂರು ಸಾವಿರ ಅಡಿ ಬಂಡೆಯ "ನೋಸ್" ದಾರಿಯನ್ನ ಹಗ್ಗ ಹಿಡಿದು ಎಳೆದುಕೊಳ್ಳದೆ, ಬರೀ ಕೈಕಾಲಿನಿಂದ ಪೂರ್ತಿ ಹತ್ತಿದ ಮೊದಲ ಮನುಷ್ಯಜೀವಿ ಲಿನ್ ಹಿಲ್, 1993ರಲ್ಲಿ. ಎತ್ತರ ಐದಡಿ ಎರಡಿಂಚು. ಮರು ವರ್ಷ ಬಂದು ಅದನ್ನ ಒಂದೇ ದಿನದಲ್ಲಿ ಹತ್ತಿದಳು. ಗಂಡಸರ ದಪ್ಪ ಬೆರಳು ಹೋಗದ ಬಿರುಕಿನಲ್ಲಿ ಅವಳ ಸಣ್ಣ ಬೆರಳು ಹೋಯ್ತು ಅಂತ ಕೆಲವರು ಗೊಣಗಿದರು. ಹೋಗಲಿ ಬಿಡಿ! ಆರಡಿಯವರಿಗೆ ಕೈ ಎಟುಕಿದಾಗ ಅದು ಪ್ರತಿಭೆ, ಐದಡಿಯವಳಿಗೆ ಬೆರಳು ತೂರಿದಾಗ ಅದು ಅದೃಷ್ಟವಾ?

ಮಂಗಳವಾರದ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಹತ್ತೂವರೆ ಹೊತ್ತಿಗೆ ನನ್ನ ಸರದಿ ಬಂತು. ಹಳದಿ, ವಿ3 ಅಂತ ಹಂಚಿದ್ದು. ಮಾಡಿದವನು ಐದಡಿ ಹನ್ನೊಂದಿಂಚಿನ ಹುಡುಗ. ಅವನು ಹತ್ತಿದ, ಇನ್ನಿಬ್ಬರು ಹತ್ತಿದರು, ಮೂರೂ ಜನ "ಮೂರು, ಮೆತ್ತಗಿನ ಮೂರು" ಅಂದ್ರು. ನಾನು ಹತ್ತಿದೆ. ನಾಲ್ಕನೇ ಹೋಲ್ಡಿನ ಹತ್ತಿರ ನಿಂತೆ. ಅದೇ ಕಥೆ, ಅದೇ ನಾಲ್ಕು ಬೆರಳು. ಬಿದ್ದೆ. ಬಿದ್ದ ಮೇಲೆ ನನಗೆ ನಾಚಿಕೆ ಆಗಬೇಕಿತ್ತು, ಅಭ್ಯಾಸಬಲ. ಆದರೆ ಆ ಹುಡುಗ ನನ್ನ ಮುಖ ನೋಡ್ತಿರಲಿಲ್ಲ, ಗೋಡೆ ನೋಡ್ತಿದ್ದ. "ಇನ್ನೊಂದು ಸಲ, ನಿಧಾನಕ್ಕೆ" ಅಂದ. ಮತ್ತೆ ಹತ್ತಿದೆ. "ಅಲ್ಲೇ ನಿಲ್ಲು. ಬಲಗಾಲು ಎಲ್ಲಿ ಇಡೋಕೆ ಮನಸ್ಸಾಗ್ತಿದೆ?" ಕಾಲೆತ್ತಿ ಬರೀ ಪ್ಲೈವುಡ್ ಮೇಲೆ ತೋರಿಸಿದೆ, ಸೊಂಟದ ಹತ್ತಿರ.

ಹೋಲ್ಡು ಹತ್ತಿರ ತರೋದು ಸುಲಭದ ಉಪಾಯ. ತಂದರೆ ಉದ್ದದವರಿಗೆ ಅದು ವಿ1 ಆಗಿಬಿಡುತ್ತೆ. ಅವನು ಹೋಲ್ಡನ್ನ ಮುಟ್ಟಲೇ ಇಲ್ಲ. ನಾನು ತೋರಿಸಿದ ಜಾಗದ ಹತ್ತಿರ, ಸೊಂಟದೆತ್ತರಕ್ಕೆ, ಕಾಲಿಗೆ ಅಂತ ಒಂದು ಹುಣಸೆ ಬೀಜದ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಹಳದಿ ಚಿಪ್ಪನ್ನ ಎರಡು ಸ್ಕ್ರೂ ಹಾಕಿ ಕೂರಿಸಿದ. ಆಮೇಲೆ ಕೆಳಗಿದ್ದ, ಉದ್ದದವರು ನಿಂತು ಚಾಚುತ್ತಿದ್ದ ಹಳೇ ಕಾಲಿನ ಹೋಲ್ಡನ್ನ ಬಿಚ್ಚಿ ಇನ್ನಷ್ಟು ಚಿಕ್ಕದು ಹಾಕಿದ. ಈಗ ನಾನು ಮೊಣಕಾಲನ್ನ ಎದೆಗೆ ತಂದು ಆ ಚಿಪ್ಪಿನ ಮೇಲೆ ಕಾಲಿಟ್ಟು ಎದ್ದರೆ ನಾಲ್ಕು ಬೆರಳೂ ದಾಟಿ ಹೋಲ್ಡು ಕೈಗೆ ಸಿಕ್ತು. ಸುಲಭ ಅಂತಲ್ಲ, ಒಂಬತ್ತನೇ ಸಲಕ್ಕೆ ಸಿಕ್ತು. ಮೇಲಿನ ಹೋಲ್ಡಿಗೆ ಹೋಗೋ ಹೊತ್ತಿಗೆ ತೋಳು ಮುಗಿದಿತ್ತು, ಬಿದ್ದೆ. ಆಮೇಲೆ ಅವನು ಹತ್ತಿದ. ಅವನ ಉದ್ದನೆ ಕಾಲು ಆ ಎತ್ತರದ ಚಿಪ್ಪಿಗೆ ಮಡಚೋಕೇ ಬರಲಿಲ್ಲ! ಮೊಣಕಾಲು ಗೋಡೆಗೆ ಬಡಿದು ಮಿಡತೆ ಹಾಗೆ ಒದ್ದಾಡಿದ. ಕೊನೆಗೆ ಕೆಳಗಿನ ಚಿಕ್ಕ ಹೋಲ್ಡಿನ ಮೇಲೇ ನಿಂತು, ಹಲ್ಲು ಕಚ್ಚಿ ಚಾಚಿ ಹತ್ತಿದ. ಎರಡು ದೇಹಕ್ಕೆ ಎರಡು ದಾರಿ, ಎರಡೂ ಸುಮಾರಾಗಿ ಅಷ್ಟೇ ಕಷ್ಟ. ಇಷ್ಟಾಗೋಕೆ ಒಂದೂವರೆ ಗಂಟೆ ಹಿಡೀತು. ಹದಿನಾಲ್ಕರಲ್ಲಿ ಒಂದಕ್ಕೆ!

"ಎಲ್ಲದಕ್ಕೂ ಹೀಗೆ ಮಾಡೋಕಾಗಲ್ಲ" ಅಂತ ಮುಖ್ಯ ಸೆಟರ್ ನೇರವಾಗೇ ಹೇಳಿದ. "ಟೈಮಿಲ್ಲ. ನಿನ್ನ ನೇರಳೆಗೂ ಯಾರೂ ಬೇಕಂತ ಮಾಡಿರಲಿಲ್ಲ. ಹತ್ತಿ ನೋಡಿದವರೆಲ್ಲ ಉದ್ದ ಇದ್ದರು, ಯಾರಿಗೂ ಗೊತ್ತಾಗಲಿಲ್ಲ." ಆಮೇಲೆ ಚೀಟಿ ಬರೆಯೋ ಹೊತ್ತಲ್ಲಿ ಕೇಳಿದ, "ನೀನು ಎಷ್ಟು ಅಂತೀಯ?"

"ನಾಲ್ಕು" ಅಂದೆ. ಐದಡಿ ಹನ್ನೊಂದಿಂಚು ಗಡ್ಡ ಕೆರೆದುಕೊಂಡು ಇನ್ನೂ "ಮೂರು" ಅಂತಲೇ ಅಂದ. ಮೂರನೆಯವನು "ನಾಲ್ಕಕ್ಕೆ ಹತ್ತಿರ" ಅಂದ. ಒಬ್ಬರು "ಎರಡು ವಾರ ಬಿಟ್ಟು ಜನ ಏನಂತಾರೆ ನೋಡೋಣ" ಅಂದ್ರು. ಸರಿಸುಮಾರು ಸಂತೆಯಲ್ಲಿ ಬದನೆಕಾಯಿ ಚೌಕಾಸಿ. ಕೊನೆಗೆ ಚೀಟಿ ಮೇಲೆ ವಿ4 ಅಂತ ಬಿತ್ತು. ಜೀವಮಾನದಲ್ಲಿ ಒಂದು ಗೋಡೆ ಮೇಲಿನ ಅಂಕಿಗೆ ನನ್ನದೂ ಒಂದು ವೋಟು.

ಹೊರಡೋ ಮುಂಚೆ ಹಿಂದಿನ ಕೋಣೆಯಲ್ಲಿ ತೊಳೆಯೋ ಟಬ್ಬು ಇಣುಕಿ ನೋಡಿದೆ. ನೇರಳೆ ಮೂರನೇ ಹೋಲ್ಡು ಮೇಲೇ ಇತ್ತು. ಕೈಲಿ ತಗೊಂಡೆ. ಅಯ್ಯೋ, ಎಷ್ಟು ಚೆನ್ನಾಗಿದೆ ಅಂತೀರಿ, ನಾಲ್ಕೂ ಬೆರಳು ಒಳಗೆ ಹೋಗೋ ಅಪ್ಪಟ ಜಗ್! ಕೆಳಗಿಂದ ಮೂರು ವಾರ ನೋಡ್ತಿದ್ದೆನಲ್ಲ, ಅದು ಜಗ್ ಅಂತಲೇ ನನಗೆ ಗೊತ್ತಿರಲಿಲ್ಲ. ಅದು ಇನ್ನೆಲ್ಲೋ, ಇನ್ಯಾವುದೋ ಗೋಡೆಯಲ್ಲಿ ಮತ್ತೆ ಕೂರುತ್ತೆ.

ಇದು ನಡೆದು ಐದು ವಾರ ಆಯ್ತು. ಹಳದಿ ವಿ4 ಬಗ್ಗೆ ಜಿಮ್ಮಿನಲ್ಲಿ ಜಗಳ ಇನ್ನೂ ನಡೀತಿದೆ. ಮೊನ್ನೆ ಅದೇ ಆರಡಿ ಹುಡುಗ ಅದರಿಂದ ನಾಲ್ಕು ಸಲ ಬಿದ್ದು, "ಇದು ಕುಳ್ಳಗಿರೋರಿಗೆ ಮಾಡಿದ್ದು" ಅಂತ ಶೂ ಬಿಚ್ಚಿ ಕೂತ. ನಾನು ಏನೂ ಹೇಳಲಿಲ್ಲ. ನಾನೂ ಅದನ್ನ ಇನ್ನೂ ತುದಿವರೆಗೆ ಹತ್ತಿಲ್ಲ, ಕೊನೇ ಹೋಲ್ಡಿಗೆ ಎರಡು ಸಲ ಬೆರಳು ತಾಗಿದೆ. ಆ ಗೋಡೆ ಬಿಚ್ಚೋದು ಮುಂದಿನ ಮಂಗಳವಾರ. ನಾಳೆ ಬೆಳಿಗ್ಗೆ ಆಫೀಸಿಗೆ ಹೋಗೋ ಮುಂಚೆ ಒಂದು ಸಲ ಹೋಗಿ ಬರ್ತೀನಿ.